ನನಗೆ ಬಂದ ಬೆದರಿಕೆಗಳನ್ನು ಮುದ್ರಿಸಿಕೊಟ್ಟ ಜೆರಾಕ್ಸ್ ಅಂಗಡಿ

ನಮ್ಮ ತಾಲ್ಲೂಕಿನ ನ್ಯಾಯಾಲಯದ ಎದುರು ಮೂರು ಜೆರಾಕ್ಸ್ ಅಂಗಡಿಗಳಿವೆ. ಒಂದರಲ್ಲಿ ಯಂತ್ರ ಹೊಸದು, ಆದರೆ ಕೊಟ್ಟ ಕಾಗದದ ಮುಖ ನೋಡದೆ ಗುಂಡಿ ಒತ್ತುತ್ತಾರೆ. ಇನ್ನೊಂದರಲ್ಲಿ ಪಹಣಿ, ಆದಾಯ ಪ್ರಮಾಣಪತ್ರ ಎಂದು ನಿಂತವರ ನಡುವೆ ನಮ್ಮ ಸರದಿ ಬರುವಷ್ಟರಲ್ಲಿ ಊಟದ ಹೊತ್ತಾಗಿರುತ್ತದೆ. ಮೂರನೆಯದು ಹಲಸಿನ ಮರದ ಬುಡದಲ್ಲಿದೆ. ಮಳೆ ಹೊಡೆದು ಹೊಡೆದು ಬೋರ್ಡಿನ ಮೇಲೆ ‘ರಾಕ್ಸ್’ ಎಂಬಷ್ಟೇ ಉಳಿದಿದೆ. ನಾನು ಬರೆಯಹೊರಟಿರುವುದು ಆ ಮೂರನೆಯ ಅಂಗಡಿಯ ಬಗ್ಗೆ. ಊರಿನ ಹೆಸರು ಹೇಳುವುದಿಲ್ಲ. ಉತ್ತರ ಕನ್ನಡದ ಕರಾವಳಿ ಎಂದಷ್ಟು ಸಾಕು. ಅದಕ್ಕಿಂತ ಹೆಚ್ಚು ಹೇಳಿದರೆ ಮುಂದೆ ಬರುವ ಹುಡುಗ ಯಾರ ಮನೆಯವನೆಂದು ಅರ್ಧ ದಿನದಲ್ಲಿ ಎಲ್ಲರಿಗೂ ಗೊತ್ತಾಗುತ್ತದೆ. ಅವನ ವಿಷಯ ಮುಗಿದಿದೆ.

ಜೆರಾಕ್ಸ್ ಅಂಗಡಿಗೂ ವಿಮರ್ಶೆ ಬರೆಯುವವರುಂಟೇ ಎಂದು ಸೊಸೆ ನಕ್ಕಳು. ಹೋಟೆಲಿನ ಇಡ್ಲಿಗೆ ಬರೆಯುತ್ತಾರಲ್ಲ? ಇಡ್ಲಿ ಗಟ್ಟಿಯಾದರೆ ಒಂದು ಹೊತ್ತಿನ ತಿಂಡಿ ಕೆಟ್ಟಿತು, ಅಷ್ಟೇ. ಇಲ್ಲಿ ಒಂದು ಹಾಳೆಯನ್ನು ಅಂಚು ಕತ್ತರಿಸಿ ಮುದ್ರಿಸಿದ್ದರೆ ನಾನು ಇವತ್ತಿಗೂ ಸಂಜೆ ಹಾಲಿಗೆ ಹೋಗಲು ಹೆದರುತ್ತಿದ್ದೆ.

ಮೊದಲು ಜಗಳದ ಕಥೆ. ನಾನು 34 ವರ್ಷ ಪ್ರಾಥಮಿಕ ಶಾಲೆಯಲ್ಲಿ ಅಕ್ಕೋರಾಗಿದ್ದು ನಿವೃತ್ತಳಾದವಳು. ಚಟವೆಂದರೆ ತಾಳಮದ್ದಳೆ. ಯಕ್ಷಗಾನ ಮೇಳಗಳ ತಿರುಗಾಟ ಮುಗಿದು ಮಳೆ ಹಿಡಿಯಿತೆಂದರೆ ನಮ್ಮ ಕಡೆ ದೇವಸ್ಥಾನದ ಸಭಾಭವನಗಳಲ್ಲಿ ಕೂಟಗಳು ಶುರುವಾಗುತ್ತವೆ. ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ ಹೇಳಿದರೆ ಅರ್ಥಧಾರಿಗಳು ಕುಳಿತಲ್ಲೇ ಮಾತಿನಲ್ಲಿ ಕಟ್ಟುತ್ತಾರೆ. ಕೇಳಿ ಬಂದು ರಾತ್ರಿಯೇ ಜಾಲತಾಣದಲ್ಲಿ ನಾಲ್ಕು ಸಾಲು ಬರೆಯುವುದು ನನ್ನ ರೂಢಿ.

2024ರ ಜುಲೈನ ಒಂದು ಕೂಟದಲ್ಲಿ ವಾಲಿಯ ಅರ್ಥ ಹೇಳಿದವರು, ‘ಮರದ ಮರೆಯಲ್ಲಿ ನಿಂತು ಏಕೆ ಹೊಡೆದೆ’ ಎಂಬ ಒಂದೇ ಪ್ರಶ್ನೆಯನ್ನು ಮುಕ್ಕಾಲು ಗಂಟೆ ಎಳೆದರು. ರಾಮನ ಪಾಲಿಗೆ ಉಳಿದದ್ದು ಹತ್ತು ನಿಮಿಷ. ಎದುರು ಕುಳಿತವನಿಗೆ ಮಾತಿಗೆ ಜಾಗ ಬಿಡದಿದ್ದರೆ ಅದು ಅರ್ಥಗಾರಿಕೆಯಲ್ಲ, ಭಾಷಣ ಎಂದು ಬರೆದೆ. ಬ್ಯಾಂಕಿನಿಂದ ನಿವೃತ್ತರಾದ ಒಬ್ಬರು ಇದೇ ವಿಷಯದ ಮೇಲೆ ಬರೆಯುತ್ತಾರೆ. ನನಗಿಂತ ಚೆನ್ನಾಗಿಯೇ ಬರೆಯುತ್ತಾರೆ ಎಂಬುದನ್ನು ಈಗ ಒಪ್ಪುತ್ತೇನೆ, ಆಗ ಒಪ್ಪುತ್ತಿರಲಿಲ್ಲ. ವಾಲಿಯನ್ನು ಐದನೇ ತರಗತಿಯ ಪಾಠದಂತೆ ಅಳೆಯಬಾರದು, ಕೇಳುವ ಕಿವಿಗೂ ಸಂಸ್ಕಾರ ಬೇಕು ಎಂದು ಅವರ ಉತ್ತರ ಬಂತು. ಬ್ಯಾಂಕಿನವರಿಗೆ ಬಡ್ಡಿ ಬೆಳೆದಷ್ಟೂ ಸಂತೋಷ, ಮಾತೂ ಹಾಗೆಯೇ ಎಂದು ನಾನು. ಅಲ್ಲಿಂದ ಅದು ಇನ್ನೂರು ಮುನ್ನೂರು ಜನರ ವಾಟ್ಸ್ಆ್ಯಪ್ ಗುಂಪಿಗೆ ಹಾರಿತು. ಅವರಿಗೆ ಒಂದು ಪಕ್ಷ ಕಟ್ಟಿತು, ನನಗೆ ಒಂದು. ತಾಳಮದ್ದಳೆಯಲ್ಲಿ ಏಟು ಎದುರೇಟು ಎಷ್ಟೇ ಜೋರಾಗಲಿ, ಮಂಗಳ ಹಾಡಿದ ಮೇಲೆ ವಾಲಿಯೂ ರಾಮನೂ ಒಂದೇ ಬೆಂಚಿನಲ್ಲಿ ಕುಳಿತು ಚಹಾ ಕುಡಿಯುತ್ತಾರೆ. ಮೊಬೈಲಿನಲ್ಲಿ ಮಂಗಳ ಹಾಡುವವರಿಲ್ಲ.

ಆಗಸ್ಟ್ ಮೊದಲ ವಾರ ಮುಖವಿಲ್ಲದ ಖಾತೆಯೊಂದರಿಂದ ಖಾಸಗಿ ಸಂದೇಶಗಳು ಬರತೊಡಗಿದವು. ಚಿತ್ರದ ಜಾಗದಲ್ಲಿ ಒಂದು ಕಿರೀಟ. ಮೊದಲ ಎರಡು ದಿನ ಬರೀ ಬೈಗುಳ. ಅದನ್ನು ನಾನು ಲೆಕ್ಕಕ್ಕಿಡುವುದಿಲ್ಲ, ಶಾಲೆಯ ಪಾಯಖಾನೆಯ ಗೋಡೆಯಲ್ಲಿ ನನ್ನ ಬಗ್ಗೆ ಅದಕ್ಕಿಂತ ಚೆನ್ನಾಗಿ ಬರೆದದ್ದನ್ನು ಓದಿದವಳು ನಾನು. ಮೂರನೆಯ ದಿನ ಬಂದದ್ದು ಹೀಗಿತ್ತು: ‘ಸಂಜೆ ಐದೂವರೆಗೆ ಹಾಲಿಗೆ ಹೋಗುತ್ತೀಯಲ್ಲ ಮುದುಕಿ. ಗೇರು ಮರದ ತಿರುವಿನಲ್ಲಿ ಸಿಗುತ್ತೇನೆ. ಕೈ ಮುರಿದರೆ ಬರೆಯುವುದು ನಿಲ್ಲುತ್ತದೆ.’ ಮರುದಿನ ನಮ್ಮ ಮನೆಯ ಗೇಟಿನ ಒಂದು ಫೋಟೋ. ಅದರೊಂದಿಗೆ ಒಂದೂ ಮಾತಿರಲಿಲ್ಲ.

ಹಾಲಿಗೆ ಹೋಗುವುದನ್ನು ಬಿಟ್ಟೆ. ನಾಲ್ಕು ದಿನ ಕರಿಚಹಾ ಕುಡಿದೆ. ಪುಣೆಯಲ್ಲಿರುವ ಮಗ, ಎಲ್ಲವನ್ನೂ ಅಳಿಸಿ ಖಾತೆ ಮುಚ್ಚು ಎಂದ. ಸೊಸೆ ಸೈಬರ್ ಸಹಾಯವಾಣಿ 1930ಕ್ಕೆ ಫೋನ್ ಮಾಡಿ ಎಂದಳು. ಪಕ್ಕದ ಮನೆಯವರು, ಹೆದರಿದರೆ ಇನ್ನೂ ಹೆದರಿಸುತ್ತಾರೆ, ಸರಿಯಾಗಿ ಉತ್ತರ ಕೊಡಿ ಎಂದು ಧೈರ್ಯ ತುಂಬಿದರು. ನಾನು ಮಾಡಿದ್ದು ಆ ಜಾಲತಾಣದ ದೂರಿನ ಗುಂಡಿ ಒತ್ತಿದ್ದು. ಎರಡು ದಿನದ ಮೇಲೆ, ಈ ಸಂದೇಶ ನಮ್ಮ ನಿಯಮಗಳಿಗೆ ವಿರುದ್ಧವಾಗಿಲ್ಲ ಎಂದು ಉತ್ತರ ಬಂತು. ಓದಿದ್ದು ಮನುಷ್ಯನೋ ಯಂತ್ರವೋ ದೇವರೇ ಬಲ್ಲ. ಯಂತ್ರವಾದರೆ ಅದರ ಕಷ್ಟವೂ ನನಗೆ ಅರ್ಥವಾಗುತ್ತದೆ. ಕನ್ನಡದಲ್ಲಿ ಹೆದರಿಸಲು ಕೆಟ್ಟ ಮಾತೇ ಬೇಕೆಂದಿಲ್ಲ. ‘ನೋಡಿಕೊಳ್ಳುತ್ತೇನೆ’ ಎಂದರೆ ಸಾಕುವುದೂ ಆಯಿತು, ಸದೆಬಡಿಯುವುದೂ ಆಯಿತು. ‘ವಿಚಾರಿಸಿಕೊಳ್ಳುತ್ತೇನೆ’ ಎಂದು ನೆಂಟರೂ ಹೇಳುತ್ತಾರೆ, ರೌಡಿಗಳೂ ಹೇಳುತ್ತಾರೆ. ‘ಸಿಗುತ್ತೇನೆ’ ಎಂಬ ಮಾತಿನ ಹಿಂದೆ ಹಬ್ಬವಿದೆಯೋ ದೊಣ್ಣೆಯಿದೆಯೋ ಎಂದು ತಿಳಿಯಲು ಗೇರು ಮರದ ತಿರುವು ಎಂಥ ಜಾಗವೆಂದು ಗೊತ್ತಿರಬೇಕು.

ಆ ಉತ್ತರವನ್ನು ಮುದ್ರಿಸಿ ವಕೀಲರಿಗೆ ತೋರಿಸೋಣವೆಂದು ಹೊರಟು, ಮಳೆ ಜೋರಾದದ್ದರಿಂದ ಹಲಸಿನ ಮರದ ಕೆಳಗೆ ನಿಂತೆ. ಹಾಗೆ ಆ ಅಂಗಡಿ ಸಿಕ್ಕಿತು. ಆಯ್ದುಕೊಂಡು ಹೋದದ್ದೇನೂ ಅಲ್ಲ.

ಒಳಗೆ ಒಂದು ಜೆರಾಕ್ಸ್ ಯಂತ್ರ, ಒಂದು ಬಣ್ಣದ ಪ್ರಿಂಟರ್, ಕಂಪ್ಯೂಟರ್, ಕಾಲು ಅಲುಗುವ ಒಂದು ಬೆಂಚು. ನಡೆಸುವವನಿಗೆ ನಲವತ್ತು ಇರಬಹುದು. ಗೋಡೆಯ ಮೇಲೆ ಎರಡು ಅಂಕಣಗಳ ಒಂದು ಪಟ್ಟಿ ಅಂಟಿಸಿದ್ದ. ಎಡಗಡೆ 302, 420, 506, ಬಲಗಡೆ 103, 318, 351. ಆ ವರ್ಷ ಜುಲೈ 1ರಿಂದ ಭಾರತೀಯ ದಂಡ ಸಂಹಿತೆ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂದಿತ್ತು. ಕರಿಕೋಟಿನವರೇ ಬಂದು ಅವನ ಗೋಡೆ ನೋಡಿ ಹೋಗುತ್ತಿದ್ದರು. ಹಳೆಯ ಮಗ್ಗಿ ಬಾಯಿಪಾಠವಾದವರಿಗೆ ಹೊಸ ಮಗ್ಗಿ ಕಲಿಸಿದ ಹಾಗೆ.

ಮೊಬೈಲ್ ಕೊಟ್ಟು, ಇಷ್ಟು ಮುದ್ರಿಸು ತಮ್ಮಾ ಎಂದೆ. ಅವನು ಓದಿದ. ಮುಖದಲ್ಲಿ ಏನನ್ನೂ ತೋರಿಸಲಿಲ್ಲ. ಎದ್ದು ಹೋಗಿ ಬೆಂಚಿನ ಕಾಲಿಗೆ ರಟ್ಟು ಕೊಟ್ಟು, “ಕುಳಿತುಕೊಳ್ಳಿ ಅಕ್ಕೋರೇ, ಇದು ಹೊತ್ತು ಹಿಡಿಯುವ ಕೆಲಸ” ಎಂದ. ನಾನು ಅಕ್ಕೋರು ಎಂದು ಹೇಳಿರಲಿಲ್ಲ. ಛತ್ರಿ ಮಡಚುವ ರೀತಿಯಲ್ಲೇ ಗೊತ್ತಾಗುತ್ತದಂತೆ.

“ಉತ್ತರ ಕೊಟ್ಟಿದ್ದೀರಾ?”

“ಇಲ್ಲ.”

“ಅಳಿಸಿದ್ದೀರಾ?”

“ಮಗ ಅಳಿಸು ಎಂದಿದ್ದಾನೆ.”

“ಮಗನಿಗೆ ನಾನು ಹೇಳಿದೆ ಎನ್ನಿ, ಅಳಿಸಬಾರದು. ನಿರ್ಬಂಧಿಸುವುದೂ ಈಗಲೇ ಬೇಡ, ಮೊದಲು ಎಲ್ಲವನ್ನೂ ತೆಗೆದಿಟ್ಟುಕೊಳ್ಳೋಣ. 1930 ಹಣ ಹೋದವರಿಗೆ. ನಿಮ್ಮದು ಹೋದದ್ದು ನಿದ್ದೆ.”

ಇನ್ನು ಅವನ ಕೆಲಸದ ರೀತಿ. ನಾನು ತೆಗೆದಿಟ್ಟಿದ್ದ ಸ್ಕ್ರೀನ್‌ಶಾಟ್‌ಗಳಲ್ಲಿ ಮಾತು ಮಾತ್ರ ಕಾಣುವಂತೆ ಅಂಚು ಕತ್ತರಿಸಿದ್ದೆ, ಸುತ್ತಲಿನದು ಗಲೀಜು ಎಂದು. ಅವನು ಅವುಗಳನ್ನು ಬದಿಗಿಟ್ಟು ಎಲ್ಲವನ್ನೂ ಹೊಸದಾಗಿ ತೆಗೆಸಿದ. ಮೇಲಿನ ಗಂಟೆ, ಬ್ಯಾಟರಿಯ ಗುರುತು, ಖಾತೆಯ ಹೆಸರು, ಸಂದೇಶದ ದಿನಾಂಕ ಎಲ್ಲವೂ ಒಂದೇ ಚಿತ್ರದಲ್ಲಿ ಇರಬೇಕು. ಒಂದು ಪರದೆ ಮುಗಿಯುವ ಸಾಲಿನಿಂದಲೇ ಮುಂದಿನದು ಶುರುವಾಗಬೇಕು, ನಡುವೆ ಏನೂ ಹಾರಿಲ್ಲವೆಂದು ಓದುವವನಿಗೆ ಗೊತ್ತಾಗಲು. ಆ ಖಾತೆಯ ಮುಖಪುಟವನ್ನು ಬ್ರೌಸರಿನಲ್ಲಿ ತೆರೆದು ಅದರ ಪೂರ್ತಿ ವಿಳಾಸವನ್ನೂ ಬರೆದುಕೊಂಡ. ಖಾತೆಯವರು ಹೆಸರನ್ನು ಹತ್ತು ಸಲ ಬದಲಾಯಿಸಬಹುದು, ಅದಕ್ಕೇ ವಿಳಾಸದ ಸಾಲು ಬೇಕು ಎಂದ. ಕೆಂಪು ಗೆರೆ, ಬಾಣದ ಗುರುತು ಹಾಕುವಂತಿಲ್ಲ. “ಬೆರಳು ತೋರಿಸುವುದಿದ್ದರೆ ಅರ್ಜಿಯಲ್ಲಿ ತೋರಿಸಿ. ಸಾಕ್ಷಿಯ ಮೇಲೆ ಗೀಚಬೇಡಿ.” ಉತ್ತರಪತ್ರಿಕೆಯ ಮೇಲೆ ಕೆಂಪು ಶಾಯಿ ಸುರಿದೇ ಸಂಬಳ ಪಡೆದವಳಿಗೆ ಇದು ಸುಲಭವಾಗಿರಲಿಲ್ಲ.

ವಾಟ್ಸ್ಆ್ಯಪ್ ಗುಂಪು ತೆರೆದಾಗ ಅವನು ಇನ್ನೊಂದನ್ನು ಕಂಡುಹಿಡಿದ. ಜಗಳ ತಣ್ಣಗಾಗಲೆಂದು ಗುಂಪಿನ ಹಿರಿಯರು ಏಳು ದಿನದಲ್ಲಿ ಸಂದೇಶ ತಾನಾಗಿ ಅಳಿಯುವ ವ್ಯವಸ್ಥೆ ಹಾಕಿದ್ದರು. ನನಗೆ ಗೊತ್ತೇ ಇರಲಿಲ್ಲ. ಇನ್ನೆರಡು ದಿನ ತಡವಾಗಿದ್ದರೆ ಕೆಲವು ಮಾತುಗಳು ಹೋಗಿಬಿಡುತ್ತಿದ್ದವು. ಕೂಡಲೇ ಇಡೀ ಸಂಭಾಷಣೆಯನ್ನು ರಫ್ತು ಮಾಡಿ ನನ್ನ ಇಮೇಲಿಗೇ ಕಳಿಸಿದ, ತನ್ನ ಕಂಪ್ಯೂಟರಿನಲ್ಲಿ ಇಟ್ಟುಕೊಳ್ಳಲಿಲ್ಲ.

ಆಮೇಲೆ ಅವನು ಮುದ್ರಿಸತೊಡಗಿದ್ದು ನನ್ನ ಮಾತುಗಳನ್ನು.

“ಅದು ಬೇಡ ತಮ್ಮಾ, ಅದು ನಾನು ಬರೆದದ್ದು.”

“ಗೊತ್ತು. ಎರಡೂ ಕಡೆಯದ್ದು ಬೇಕು. ನೀವು ಕೊಡದಿದ್ದರೆ ಅವರು ತರುತ್ತಾರೆ. ಅವರು ತಂದರೆ ನೀವು ಮುಚ್ಚಿಟ್ಟಿರಿ ಎಂದಾಗುತ್ತದೆ.”

ಯಂತ್ರ ಒಂದೊಂದೇ ಹಾಳೆ ಉಗುಳಿತು. ಬೆಚ್ಚಗಿದ್ದವು. ಮೊಬೈಲಿನಲ್ಲಿ ಹಾರಿಸಿದ ಮಾತು ಬೆರಳು ಮೇಲೆ ಸರಿಸಿದರೆ ಹೋಗಿಬಿಡುತ್ತದೆ. ಇಲ್ಲಿ ಅದು ಎ4 ಹಾಳೆಯ ಮೇಲೆ, ಎರಡು ರೂಪಾಯಿಗೆ ಒಂದರಂತೆ, ನನ್ನ ತೊಡೆಯ ಮೇಲೆ ಬಂದು ಬಿತ್ತು. ‘ಬಡ್ಡಿ’ಯ ಮಾತು ನಾನು ನೆನಪಿಟ್ಟುಕೊಂಡಷ್ಟು ಚುರುಕಾಗಿರಲಿಲ್ಲ. ಬ್ಯಾಂಕಿನವರ ಹೆಂಡತಿಯ ಬಗ್ಗೆ ಒಂದು ಸಾಲಿತ್ತು, ಇಲ್ಲಿ ಬರೆಯಲು ನಾಚಿಕೆಯಾಗುತ್ತದೆ. ಆಕೆ ತೀರಿಕೊಂಡು ಮೂರು ವರ್ಷವಾಗಿದೆ ಎಂದು ನನಗೆ ಗೊತ್ತಿರಲಿಲ್ಲ, ಗುಂಪಿನಲ್ಲಿ ಅವರೇ ಕೆಳಗೆ ಹೇಳಿದ್ದರು, ನಾನು ಓದಿರಲಿಲ್ಲ. ಒಂಬತ್ತನೆಯ ಹಾಳೆಯ ಕೊನೆಯಲ್ಲಿ ಇದು: ‘ಒಮ್ಮೆ ಎದುರಿಗೆ ಸಿಗಿ, ನಿಮ್ಮ ಕಿವಿಗೆ ತಾಳ ಬಡಿಯುತ್ತೇನೆ.’ ಬರೆದಾಗ ಅದು ನಗೆಮಾತು. ಗುಂಪಿನಲ್ಲಿ ಇಪ್ಪತ್ತು ಜನ ನಕ್ಕ ಗುರುತೂ ಇತ್ತು. ಆದರೆ ಅದರ ಪಕ್ಕದ ಹಾಳೆಯಲ್ಲಿ ‘ತಿರುವಿನಲ್ಲಿ ಸಿಗುತ್ತೇನೆ’ ಇತ್ತು. ಕ್ರಿಯಾಪದ ಒಂದೇ. ವ್ಯಾಕರಣ ಕಲಿಸಿದವಳಿಗೆ ಅದನ್ನು ಯಾರೂ ತೋರಿಸಿಕೊಡಬೇಕಾಗಿರಲಿಲ್ಲ.

ಅಂಗಡಿಯವನು ಆ ಬಗ್ಗೆ ಒಂದು ಮಾತೂ ಆಡಲಿಲ್ಲ. ಪುಟಸಂಖ್ಯೆ ಹಾಕುತ್ತಾ ಹೋದ. ಈ ಅಂಗಡಿಗೆ ನಾನು ಕೊಡುವ ಅಂಕಗಳಲ್ಲಿ ಅರ್ಧ ಆ ಮೌನಕ್ಕೇ ಸಲ್ಲಬೇಕು. ಉಪದೇಶ ಮಾಡಿದ್ದರೆ ಎದ್ದು ಬರುತ್ತಿದ್ದೆ.

ಗೇಟಿನ ಫೋಟೋ ಕಪ್ಪು ಬಿಳುಪಿನಲ್ಲಿ ಸಾಕು ಎಂದೆ. ಬಣ್ಣಕ್ಕೆ ಹತ್ತು ರೂಪಾಯಿ. ಅವನು ಬಣ್ಣದಲ್ಲೇ, ಹಾಳೆ ತುಂಬುವಷ್ಟು ದೊಡ್ಡದಾಗಿ, ಒಂದು ನೂಲು ಅಂಚೂ ಕಳೆಯದೆ ಮುದ್ರಿಸಿದ. ಮೊಬೈಲಿನಲ್ಲಿ ಅದನ್ನು ನಾನು ನೂರು ಸಲ ನೋಡಿದ್ದೆ. ನೋಡಿದ್ದು ಗೇಟನ್ನು ಮಾತ್ರ, ನನ್ನ ಗೇಟನ್ನು. ಕಾಗದದ ಮೇಲೆ ಕಣ್ಣು ಮೊದಲು ಹೋದದ್ದು ಎಡ ಮೂಲೆಗೆ. ಅಲ್ಲಿ ನೀಲಿ ತಾಡಪತ್ರಿಯ ತುದಿಯೊಂದು ಕಾಣುತ್ತಿತ್ತು, ಅದರ ಮೇಲೆ ಒಣಗಿದ ತೆಂಗಿನ ಗರಿಯ ಒಂದು ಕಡ್ಡಿ. ನಮ್ಮ ಕೇರಿಯಲ್ಲಿ ಕಟ್ಟಿಗೆಗೆ ನೀಲಿ ತಾಡಪತ್ರಿ ಹೊದೆಸಿದ ಮನೆ ಒಂದೇ. ಹಾಗೆ ಕಾಣಬೇಕಾದರೆ ಅವರ ಬಚ್ಚಲಿನ ಪಕ್ಕದ ಕಲ್ಲಿನ ಮೇಲೆ ನಿಂತೇ ಫೋಟೋ ತೆಗೆದಿರಬೇಕು. ಆ ಮನೆಯಲ್ಲಿ ಡಿಪ್ಲೊಮಾ ಮುಗಿಸಿ ಕೆಲಸ ಹುಡುಕುತ್ತಿದ್ದ ಹುಡುಗನೊಬ್ಬನಿದ್ದ, ಬ್ಯಾಂಕಿನವರ ಬರಹಕ್ಕೆಲ್ಲ ಚಪ್ಪಾಳೆಯ ಗುರುತು ಹಾಕುತ್ತಿದ್ದವನು. ಕೈ ತಣ್ಣಗಾಯಿತು. ಅವನ ಅಪ್ಪನಿಗೆ ಅಕ್ಷರ ಕಲಿಸಿದವಳು ನಾನು.

“ಇವನೇ” ಎಂದೆ.

“ಇರಬಹುದು. ಅರ್ಜಿಯಲ್ಲಿ ಇವನೇ ಎಂದು ಬರೆಯಬೇಡಿ. ಫೋಟೋದಲ್ಲಿ ಏನು ಕಾಣುತ್ತದೋ ಅಷ್ಟು ಬರೆಯಿರಿ. ಉಳಿದದ್ದು ಠಾಣೆಯವರ ಕೆಲಸ” ಎಂದ.

ಅರ್ಜಿ ಟೈಪ್ ಮಾಡುವುದಕ್ಕೆ ಪುಟಕ್ಕೆ 30 ರೂಪಾಯಿ. ಅವನ ಕಂಪ್ಯೂಟರಿನಲ್ಲಿದ್ದ ಹಳೆಯ ಮಾದರಿಯಲ್ಲಿ, ಜಾಲದಲ್ಲಿ ಆಕ್ಷೇಪಾರ್ಹ ಸಂದೇಶ ಕಳಿಸಿದವರಿಗೆಂದಿದ್ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಎ ಸೆಕ್ಷನ್ ಇತ್ತು. ಅವನೇ ಹೊಡೆದುಹಾಕಿದ. ಸುಪ್ರೀಂ ಕೋರ್ಟು 2015ರ ಮಾರ್ಚ್ 24ರಂದೇ ಅದನ್ನು ರದ್ದು ಮಾಡಿದೆ, ಆದರೂ ದೇಶದಲ್ಲಿ ಎಷ್ಟೋ ಕಡೆ ಅದರಡಿ ಕೇಸು ಹಾಕುತ್ತಲೇ ಇದ್ದುದರಿಂದ 2022ರಲ್ಲಿ ಮತ್ತೊಮ್ಮೆ ಆದೇಶ ಹೊರಡಿಸಬೇಕಾಯಿತು ಎಂದು ವಿವರಿಸಿದ. ಸತ್ತ ಸೆಕ್ಷನ್ನು ಮಾದರಿ ಅರ್ಜಿಗಳಲ್ಲಿ ಬದುಕಿರುತ್ತದೆ. ಬದಲಿಗೆ ಹಾಕಿದ್ದು ನ್ಯಾಯ ಸಂಹಿತೆಯ 351. ಅದರ ನಾಲ್ಕನೆಯ ಉಪಕಲಮನ್ನು ಅವನು ಪರದೆಯ ಮೇಲೆ ತೋರಿಸಿದಾಗ ನನಗೆ ನಾಲ್ಕು ದಿನದಲ್ಲಿ ಮೊದಲ ಸಲ ನಗು ಬಂತು. ಹೆಸರು ಮರೆಮಾಚಿ ಬೆದರಿಸಿದವನಿಗೆ, ಬೆದರಿಕೆಯ ಶಿಕ್ಷೆಯ ಮೇಲೆ ಇನ್ನೂ ಎರಡು ವರ್ಷದವರೆಗೆ ಹೆಚ್ಚುವರಿ ಸೆರೆ. ಮರದ ಮರೆಯಲ್ಲಿ ನಿಂತವನಿಗೆ ಬೇರೆಯೇ ಲೆಕ್ಕ! ವಾಲಿಗೆ ಈ ಸೆಕ್ಷನ್ ಗೊತ್ತಿದ್ದರೆ ಮುಕ್ಕಾಲು ಗಂಟೆ ಬೇಕಾಗುತ್ತಿರಲಿಲ್ಲ.

ಕೇಂದ್ರದ ಸೈಬರ್ ಅಪರಾಧ ದೂರಿನ ಜಾಲತಾಣದಲ್ಲೂ ತುಂಬಿಸಿದೆವು. 2019ರಿಂದ ಇರುವ ವ್ಯವಸ್ಥೆ ಅದು, ಮೊಬೈಲಿಗೆ ಬರುವ ಒಟಿಪಿ ಹಾಕಿ ಒಳಗೆ ಹೋಗಬೇಕು. ಘಟನೆಯ ವಿವರ ಕನಿಷ್ಠ 200 ಅಕ್ಷರ ಇರಬೇಕೆಂದು ಅದು ಕೇಳುತ್ತದೆ. 200 ಸಾಲು ಬರೆಯುವ ಹುಮ್ಮಸ್ಸಿನಲ್ಲಿದ್ದ ನನ್ನನ್ನು ಅವನು ತಡೆದ: ಯಾವ ದಿನ, ಎಷ್ಟು ಗಂಟೆಗೆ, ಯಾವ ಖಾತೆಯಿಂದ, ಯಾವ ಮಾತು, ನಿಮಗೆ ಏನಾಯಿತು. ವಾಲಿಯ ವಿಷಯ ಒಂದೇ ವಾಕ್ಯ. ಓದುವ ಪೊಲೀಸರಿಗೆ ತಾಳಮದ್ದಳೆ ಗೊತ್ತಿರಬೇಕೆಂದಿಲ್ಲವಲ್ಲ. ದೂರಿನ ಸಂಖ್ಯೆ ಬಂದ ಹಾಳೆಯನ್ನು ಎರಡು ಪ್ರತಿ ತೆಗೆದುಕೊಟ್ಟ. ಇದಕ್ಕೆ 100 ರೂಪಾಯಿ. ಮನೆಯಲ್ಲಿ ಕುಳಿತು ಮಾಡಿದರೆ ಉಚಿತ, ಅದನ್ನೂ ಅವನೇ ಮೊದಲು ಹೇಳಿದ.

ಬೆದರಿಕೆ ಬಂದ ಸಾಮಾಜಿಕ ಜಾಲತಾಣಕ್ಕೂ ಇನ್ನೊಂದು ಸಲ ಬರೆಸಿದ. ಈ ಸಲ ಗುಂಡಿ ಒತ್ತುವುದಲ್ಲ. 2021ರ ಮಾಹಿತಿ ತಂತ್ರಜ್ಞಾನ ನಿಯಮಗಳ ಪ್ರಕಾರ ಅಂಥ ಪ್ರತಿಯೊಂದು ಜಾಲತಾಣವೂ ಕುಂದುಕೊರತೆ ಅಧಿಕಾರಿಯ ಹೆಸರು, ವಿಳಾಸ ಪ್ರಕಟಿಸಿರಬೇಕು. ಅವರಿಗೆ ನೇರ ಇಮೇಲ್. ಆಗಿನ ನಿಯಮದಂತೆ 24 ಗಂಟೆಯಲ್ಲಿ ದೂರು ತಲುಪಿದೆ ಎನ್ನಬೇಕು, 15 ದಿನದಲ್ಲಿ ತೀರ್ಮಾನಿಸಬೇಕು. ಅವರೂ ಕೈಬಿಟ್ಟರೆ ಸರ್ಕಾರದ ಮೇಲ್ಮನವಿ ಸಮಿತಿಗೆ 30 ದಿನದೊಳಗೆ ಹೋಗಬಹುದು. ನನಗೆ ಅಲ್ಲಿಯವರೆಗೆ ಹೋಗುವ ಪ್ರಸಂಗ ಬರಲಿಲ್ಲ, ಹನ್ನೊಂದನೆಯ ದಿನ ಆ ಖಾತೆ ಮಾಯವಾಯಿತು. ತೆಗೆದದ್ದು ಅವರೋ, ಹೆದರಿ ಮುಚ್ಚಿದ್ದು ಅವನೋ, ಯಾರೂ ಹೇಳಲಿಲ್ಲ.

ನನಗೆ ಅತಿ ಹೆಚ್ಚು ಬೆರಗು ಹುಟ್ಟಿಸಿದ್ದು ಪ್ರಮಾಣಪತ್ರ. ಮೊಬೈಲಿನ ಮುದ್ರಿತ ಪ್ರತಿ ನ್ಯಾಯಾಲಯದಲ್ಲಿ ನಿಲ್ಲಬೇಕಾದರೆ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ನಿನ ಪ್ರಮಾಣಪತ್ರ ಬೇಕು, ಹಿಂದೆ ಇದು 65ಬಿ. ಹೊಸದರಲ್ಲಿ ಎರಡು ಭಾಗಗಳಿವೆ, ಒಂದನ್ನು ನಾವು ತುಂಬಬೇಕು, ಇನ್ನೊಂದನ್ನು ಪರಿಣತರು. ಅದರಲ್ಲಿ ‘ಹ್ಯಾಶ್’ ಎಂಬ ಸಂಖ್ಯೆ ನಮೂದಿಸುವ ಜಾಗವಿದೆ. ರಫ್ತು ಮಾಡಿದ ಸಂಭಾಷಣೆಯ ಕಡತವನ್ನು ಅವನು ಒಂದು ತಂತ್ರಾಂಶಕ್ಕೆ ಕೊಟ್ಟ. 64 ಅಕ್ಷರಗಳ ಒಂದು ಸಾಲು ಬಂತು, ಅಂಕಿಯೂ ಇಂಗ್ಲಿಷ್ ಅಕ್ಷರವೂ ಕಲೆಸಿದ್ದು, ಚಂಡೆಯ ನುಡಿತದ ಹಾಗೆ. ನನಗೆ ನಂಬಿಕೆ ಬರಲೆಂದು ಕಡತದ ಒಂದು ನಕಲು ಮಾಡಿ, ಅದರಲ್ಲಿ ಒಂದೇ ಒಂದು ಅಲ್ಪವಿರಾಮ ತೆಗೆದು, ಆ ನಕಲನ್ನು ಅದೇ ತಂತ್ರಾಂಶಕ್ಕೆ ಕೊಟ್ಟು ತೋರಿಸಿದ. ಸಾಲು ಪೂರ್ತಿ ಬೇರೆ! ಒಂದು ಅಕ್ಷರವೂ ಮೊದಲಿನ ಜಾಗದಲ್ಲಿ ಇದ್ದಂತೆ ಕಾಣಲಿಲ್ಲ. ಅಲ್ಪವಿರಾಮಕ್ಕೆ ಇಷ್ಟು ಬೆಲೆಯಿದೆ ಎಂದು 34 ವರ್ಷ ಮಕ್ಕಳಿಗೆ ಹೇಳಿದ್ದೆ. ಪುರಾವೆ ಸಿಕ್ಕಿದ್ದು ನಿವೃತ್ತಿಯ ಮೇಲೆ.

ಠಾಣೆಯ ವಿಷಯ ಹೆಚ್ಚು ಬರೆಯುವುದಿಲ್ಲ. ವಕೀಲರೊಬ್ಬರು ಕಡತ ನೋಡಿ, ನಿಮ್ಮ ತಾಳದ ಮಾತಿಗೆ ಬ್ಯಾಂಕಿನವರೂ ಅರ್ಜಿ ಕೊಡಬಹುದು, ಹೆಂಡತಿಯ ಮಾತಿಗೆ ಮಾನಹಾನಿಯೂ ಆದೀತು, ಗೊತ್ತಿದ್ದೇ ಹೋಗಿ ಎಂದರು. ಹೋದೆ. ಬೆದರಿಕೆಯನ್ನು ಠಾಣೆಯವರು ಅಸಂಜ್ಞೇಯ ಎಂದು ದಾಖಲಿಸಿಕೊಂಡರು. ಹಾಗೆಂದರೆ ನ್ಯಾಯಾಧೀಶರ ಅನುಮತಿಯಿಲ್ಲದೆ ತನಿಖೆ ಮಾಡುವಂತಿಲ್ಲ. ಇದನ್ನೂ ಅಂಗಡಿಯವನು ಮೊದಲೇ ಹೇಳಿದ್ದರಿಂದ ನಾನು ಅಲ್ಲಿ ಗಲಾಟೆ ಮಾಡಲಿಲ್ಲ, ದೂರು ದಾಖಲಾದುದಕ್ಕೆ ಠಾಣೆಯವರು ಬರೆದುಕೊಡುವ ಹಿಂಬರಹ ಕೇಳಿ ಪಡೆದೆ. ಪಿಎಸ್‌ಐ ಬಣ್ಣದ ಫೋಟೋವನ್ನು ಬಹಳ ಹೊತ್ತು ನೋಡಿದರು. ಎರಡು ದಿನದ ಮೇಲೆ ಹುಡುಗ ಅಪ್ಪನೊಂದಿಗೆ ಬಂದು ಮುಚ್ಚಳಿಕೆ ಬರೆದುಕೊಟ್ಟ. ನನ್ನ ಮುಖ ನೋಡಲಿಲ್ಲ. ಅಪ್ಪ ನೋಡಿದ, ಅದು ಇನ್ನೂ ಕಷ್ಟವಾಯಿತು. ಬ್ಯಾಂಕಿನವರಿಗೆ ಈ ಹುಡುಗ ಯಾರೆಂಬುದೇ ತಿಳಿದಿರಲಿಲ್ಲ. ಮುಂದುವರಿಸುವುದಿಲ್ಲ ಎಂದು ನಾನೇ ಹೇಳಿ ಬಂದೆ. ಅದು ಸರಿಯೋ ತಪ್ಪೋ ಎಂಬ ಚರ್ಚೆ ಈಗಲೂ ಮನೆಯಲ್ಲಿದೆ.

ಇನ್ನು ಅಂಗಡಿಯ ಕೊರತೆಗಳು. ಮಳೆಗಾಲದಲ್ಲಿ ದಿನಕ್ಕೆ ನಾಲ್ಕು ಸಲ ಕರೆಂಟು ಹೋಗುತ್ತದೆ, ಅವನಲ್ಲಿರುವ ಬ್ಯಾಟರಿ ಕಂಪ್ಯೂಟರನ್ನು ಮಾತ್ರ ಎಳೆಯುತ್ತದೆ, ಯಂತ್ರವನ್ನಲ್ಲ. ನ್ಯಾಯಾಲಯಕ್ಕೆ ರಜೆಯಿದ್ದರೆ ಮಧ್ಯಾಹ್ನದ ಮೇಲೆ ಬಾಗಿಲು ಹಾಕುತ್ತಾನೆ, ಭಾನುವಾರ ಪೂರ್ತಿ ಇಲ್ಲ. ಸೂರಿನ ನೀರು ಸರಿಯಾಗಿ ನಿಂತವರ ಕುತ್ತಿಗೆಗೆ ಬೀಳುತ್ತದೆ. ಕೌಂಟರಿನ ಎದುರು ನಾಲ್ಕು ಜನ ನಿಂತಿರುವಾಗಲೇ ಪರದೆಯಲ್ಲಿ ನಿಮ್ಮ ಸಂದೇಶಗಳು ತೆರೆದಿರುತ್ತವೆ. ನನ್ನನ್ನು ‘ಮುದುಕಿ’ ಎಂದದ್ದನ್ನು ಅಡಿಕೆ ವ್ಯಾಪಾರಿಯೊಬ್ಬರು ಗಟ್ಟಿಯಾಗಿ ಓದಿದರು. ಪರದೆಯನ್ನು ಗೋಡೆಯ ಕಡೆ ತಿರುಗಿಸಿಟ್ಟರೆ ಖರ್ಚೇನೂ ಇಲ್ಲ.

ದೊಡ್ಡ ಕೊರತೆ ಬೇರೆ. ಸೆಪ್ಟೆಂಬರಿನಲ್ಲಿ ಹಿಂಬರಹದ ಪ್ರತಿ ತೆಗೆಸಲು ಮತ್ತೆ ಹೋದಾಗ ಹಳೆಯ ಬಾಕಿಯೂ ಸೇರಿ 84 ರೂಪಾಯಿ ಆಯಿತು. ಅವನು ಚೀಟಿ ಬರೆದುಕೊಟ್ಟ. ಚೀಟಿಯೆಂದರೆ ಶಾಯಿ ಹರಡಿ ಹಾಳಾದ ಹಾಳೆಗಳನ್ನು ನಾಲ್ಕಾಗಿ ಕತ್ತರಿಸಿ ಕ್ಲಿಪ್ಪು ಹಾಕಿಟ್ಟದ್ದು. ಕಾಗದ ಉಳಿಸುವ ಅಭ್ಯಾಸ ನನಗೂ ಇಷ್ಟ. ಮನೆಗೆ ಬಂದು ಕನ್ನಡಕ ತೆಗೆಯುವಾಗ ಚೀಟಿಯ ಹಿಂಬದಿ ಕಾಣಿಸಿತು. ‘ಒಮ್ಮೆ ಎದುರಿಗೆ ಸಿಗಿ, ನಿಮ್ಮ ಕಿವಿಗೆ’ ಎಂಬಲ್ಲಿಗೆ ಕತ್ತರಿ ಬಿದ್ದಿತ್ತು.

ನನ್ನದೇ ಹಾಳಾದ ಪ್ರತಿಯೆಂದು ಮೊದಲು ಎಣಿಸಿದೆ. ಆದರೆ ನನ್ನ ಫೋನಿನಲ್ಲಿ ನನ್ನ ಮಾತು ಬಲಗಡೆ ಇರುತ್ತದೆ. ಇಲ್ಲಿ ಎಡಗಡೆ ಇತ್ತು. ಮೇಲೆ ಹೆಸರೂ ಇತ್ತು, ಬ್ಯಾಂಕಿನವರ ಫೋನಿನಲ್ಲಿ ಅವರು ಉಳಿಸಿಕೊಂಡ ಹೆಸರು: ‘ಅಕ್ಕೋರು ವಾಲಿ’. ಮೂಲೆಯಲ್ಲಿ ಗಂಟೆ 2.40, ಬ್ಯಾಟರಿ ಮುಗಿಯುತ್ತ ಬಂದಿತ್ತು. ರಾತ್ರಿಯದೋ ಹಗಲಿನದೋ ಚೀಟಿಯಿಂದ ಗೊತ್ತಾಗುವುದಿಲ್ಲ. ಅಂಚು ಕತ್ತರಿಸಿರಲಿಲ್ಲ, ಕೆಂಪು ಗೆರೆ ಇರಲಿಲ್ಲ. ಅವರೂ ಅದೇ ಬೆಂಚಿನ ಮೇಲೆ ಕುಳಿತಿದ್ದರು, ರಟ್ಟು ಕೊಟ್ಟ ಕಾಲಿನ ಮೇಲೆ.

ಮರುದಿನ ಹೋಗಿ ಚೀಟಿಯನ್ನು ಕೌಂಟರಿನ ಮೇಲೆ ಮಗುಚಿಟ್ಟೆ. ಅವನ ಮುಖ ಬಿಳಿಚಿಕೊಂಡಿತು. ಯಾರು, ಯಾವಾಗ ಎಂದು ನಾನು ಕೇಳಲಿಲ್ಲ, ಅವನೂ ಹೇಳಲಿಲ್ಲ. ಕೇಳಿದ್ದರೂ ಹೇಳುತ್ತಿರಲಿಲ್ಲ ಎಂದೇ ನನ್ನ ನಂಬಿಕೆ. ಕ್ಲಿಪ್ಪಿನ ಕಟ್ಟನ್ನು ಪೂರ್ತಿ ತೆಗೆದು ಅಲ್ಲೇ ಚಿಂದಿ ಮಾಡಿದ, ರದ್ದಿಯ ರಟ್ಟಿನ ಪೆಟ್ಟಿಗೆಯನ್ನು ಸಂಜೆ ಮನೆಗೊಯ್ದು ಅಮ್ಮನ ಬಚ್ಚಲ ಒಲೆಗೆ ಹಾಕಿದನಂತೆ. ಈಗ ಚೀಟಿಗೆ ಬೇರೆ ಪುಸ್ತಕ ತಂದಿದ್ದಾನೆ.

ಐದಕ್ಕೆ ನಾಲ್ಕು ಕೊಡುತ್ತೇನೆ. ಹೋದ ಒಂದು ಅಂಕ ಆ ಚೀಟಿಗೆ. ಈ ಬರಹವನ್ನು ಅವನಿಗೆ ಓದಿಸಬೇಕಲ್ಲ ಎಂದು ಒಂದು ಪ್ರತಿ ಮುದ್ರಿಸಲು ಅವನ ಬಳಿಯೇ ಕೊಟ್ಟೆ. ಮೊದಲ ಹಾಳೆ ಯಂತ್ರದಲ್ಲಿ ಸಿಕ್ಕಿ ಸುಕ್ಕಾಯಿತು. ಬಿಡಿಸಿ ತೆಗೆದು, ಮಡಚಿ, ಬೇರೇನೂ ಹೇಳದೆ ನನ್ನ ಕೈಗೇ ಕೊಟ್ಟ.